ದುಡಿಮೆಯ ಊರು, ದಾರಿಯ ಹೊತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ನಗರ, ಕೆಲಸ, ಅವಕಾಶ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅದೇ ಓದು, ಅದೇ ಕೆಲಸ. ಆದರೂ ಸಣ್ಣ ಪಟ್ಟಣಕ್ಕಿಂತ ದೊಡ್ಡ ನಗರದಲ್ಲಿ ಸಂಬಳ ಹೆಚ್ಚು. ಅಲ್ಲಿ ಖರ್ಚು ಹೆಚ್ಚು ಅನ್ನುವುದೊಂದೇ ಕಾರಣವೇ?

ಕೆಲಸಗಾರರ ಖರ್ಚು ಹೆಚ್ಚಿದೆ ಎಂದು ಯಾವ ಮಾಲೀಕರೂ ಸಂಬಳ ಹೆಚ್ಚಿಸುವುದಿಲ್ಲ. ಹೆಚ್ಚು ಕೊಟ್ಟೂ ಅವರಿಗೆ ಗಿಟ್ಟುತ್ತಿದೆ ಎಂದರೆ, ಅಲ್ಲಿ ಒಂದು ದಿನದ ದುಡಿಮೆಯಿಂದ ಹೆಚ್ಚು ಹುಟ್ಟುತ್ತಿದೆ ಎಂದರ್ಥ.

ಅದು ಹೇಗೆ ಎಂಬುದಕ್ಕೆ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ 1776ರಲ್ಲಿ ಕೊಟ್ಟ ಮೊಳೆಯ ಲೆಕ್ಕಕ್ಕಿಂತ ಸುಲಭವಾದ ವಿವರಣೆ ಇಲ್ಲ. ಮೊಳೆ ಮಾಡುವ ಕಮ್ಮಾರ ದಿನಕ್ಕೆ 1,000 ಮೊಳೆ ತಟ್ಟುತ್ತಾನೆ. ವರ್ಷಕ್ಕೆ 300 ದಿನ ದುಡಿದರೆ 3 ಲಕ್ಷ. ಸ್ಕಾಟ್ಲೆಂಡಿನ ಒಳನಾಡಿನ ಗುಡ್ಡಗಾಡಿನಲ್ಲಿ ವರ್ಷವಿಡೀ ಸಾವಿರ ಮೊಳೆಯೂ ಮಾರಾಟವಾಗುವುದಿಲ್ಲ, ಅಂದರೆ ಒಂದು ದಿನದ ಕೆಲಸವೂ ಖರ್ಚಾಗುವುದಿಲ್ಲ. ಹಾಗಾಗಿ ಅಲ್ಲಿ ಮೊಳೆಯೊಂದನ್ನೇ ನಂಬಿ ಬದುಕಲು ಆಗದು. ಹಳ್ಳಿಯ ಕಮ್ಮಾರ ಕಬ್ಬಿಣದ ಎಲ್ಲ ಕೆಲಸಕ್ಕೂ ಕೈ ಹಾಕಬೇಕು, ಒಂದರಲ್ಲೂ ಕೈ ಪೂರ್ತಿ ಪಳಗುವಷ್ಟು ಕೆಲಸ ಬರುವುದಿಲ್ಲ. ಕೊಳ್ಳುವವರು ಹೆಚ್ಚಿರುವ ಕಡೆ ಮಾತ್ರ ಒಂದೇ ಕೆಲಸದಲ್ಲಿ ನುರಿತು ಅದರಿಂದಲೇ ಬದುಕಬಹುದು. ಹೆಗಲ ಮೇಲೆ ಹೊರೆ ಹೊರುವ ಹಮಾಲಿಗೂ ದೊಡ್ಡ ಊರಲ್ಲಿ ಮಾತ್ರ ಹೊಟ್ಟೆ ತುಂಬುತ್ತದೆ ಎಂದು ಸ್ಮಿತ್ ಅವರೇ ಬರೆದಿದ್ದಾರೆ.

ಇನ್ನೆರಡು ಕಾರಣಗಳಿವೆ. ಒಂದು, ಹೊಂದಾಣಿಕೆ. ನಿಮ್ಮ ಕೌಶಲ ಬೇಕಾದ ಕಂಪನಿ ಊರಲ್ಲಿ ಒಂದೇ ಇದ್ದರೆ ಅವರು ಹೇಳಿದ್ದೇ ಸಂಬಳ. ಹತ್ತಿದ್ದರೆ ನೀವೂ ಆರಿಸಬಹುದು. ಇನ್ನೊಂದು, ಕಲಿಕೆ. ಸ್ಪೇನಿನ ಕೆಲಸಗಾರರ ವರ್ಷಾನುಗಟ್ಟಲೆಯ ದಾಖಲೆಗಳನ್ನು ಜಾಲಾಡಿ ಇಬ್ಬರು ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ನಗರದ ಲಾಭದ ಒಂದು ಭಾಗವಷ್ಟೇ ಕಾಲಿಟ್ಟ ಕೂಡಲೇ ಸಿಗುತ್ತದೆ. ಉಳಿದದ್ದು ದುಡಿದ ವರ್ಷಗಳ ಜೊತೆ ಕೂಡಿಕೊಳ್ಳುತ್ತದೆ, ಮುಂದೆ ಸಣ್ಣ ಊರಿಗೆ ಹೋದರೂ ಆ ಗಳಿಕೆಯ ಬಹುಪಾಲು ಜೊತೆಯಲ್ಲೇ ಬರುತ್ತದೆ. ಆರು ತಿಂಗಳು ನೋಡಿ ನಗರ ಗಿಟ್ಟಲಿಲ್ಲ ಎಂದು ತೀರ್ಮಾನಿಸುವುದು ಇದೇ ಕಾರಣಕ್ಕೆ ತಪ್ಪಾಗುತ್ತದೆ.

ಪ್ರಶ್ನೆ: ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಮನೆಯಿಂದ 15 ನಿಮಿಷ; ಇನ್ನೊಂದು ಒಂದೂವರೆ ಗಂಟೆ, ಆದರೆ ಸಂಬಳ ಶೇ 20ರಷ್ಟು ಹೆಚ್ಚು. ಯಾವುದನ್ನು ಒಪ್ಪಿಕೊಳ್ಳಲಿ?

ಸಂಬಳವನ್ನು ಕೆಲಸದ ಗಂಟೆಗಳಿಂದ ಭಾಗಿಸಬೇಡಿ. ಮನೆ ಬಿಟ್ಟ ಗಳಿಗೆಯಿಂದ ಮನೆ ಸೇರುವ ಗಳಿಗೆಯವರೆಗಿನ ಗಂಟೆಗಳಿಂದ ಭಾಗಿಸಿ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದರೆ 200 ಗಂಟೆ. ಹತ್ತಿರದ ಕೆಲಸಕ್ಕೆ ಓಡಾಟ ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ 12.5, ಒಟ್ಟು 212.5. ದೂರದ ಕೆಲಸಕ್ಕೆ ದಿನಕ್ಕೆ 3 ಗಂಟೆ, ತಿಂಗಳಿಗೆ 75, ಒಟ್ಟು 275. ಗಂಟೆಯ ಗಳಿಕೆ ಸಮವಾಗಬೇಕಾದರೆ ದೂರದ ಸಂಬಳ ಶೇ 29ರಷ್ಟು ಹೆಚ್ಚಿರಬೇಕು, ಅದರ ಮೇಲೆ ಪ್ರಯಾಣದ ಖರ್ಚು ಬೇರೆ. ಶೇ 20 ಸಾಲದು. ಆ ಕೆಲಸದಲ್ಲಿ ಹೊಸದಾಗಿ ಕಲಿಯುವುದು ನಿಜಕ್ಕೂ ಇದೆ ಎಂದಾದರೆ ಮಾತ್ರ ಮೇಲೆ ಹೇಳಿದ ಕಾರಣಕ್ಕೆ ಒಂದೆರಡು ವರ್ಷ ತಡೆದುಕೊಳ್ಳಬಹುದು.

ಈ ಲೆಕ್ಕದಲ್ಲಿ ಬಹಳ ಜನ ಬಿಟ್ಟುಬಿಡುವುದು ಕಾಯುವ ಹೊತ್ತನ್ನು. ಬಸ್ಸು 20 ನಿಮಿಷಕ್ಕೊಂದು ಇದ್ದರೆ ಸರಾಸರಿ ಕಾಯುವಿಕೆ 10 ನಿಮಿಷ. ಆದರೆ ತಡವಾದರೆ ಅರ್ಧ ದಿನದ ಕೂಲಿ ಕತ್ತರಿಸುವ ಕಡೆ ಯಾರೂ ಸರಾಸರಿಯನ್ನು ನಂಬಿ ಹೊರಡುವುದಿಲ್ಲ, ಒಂದು ಬಸ್ಸು ಮುಂಚೆಯೇ ಹೊರಡುತ್ತಾರೆ. ದಿನಕ್ಕೆ 20 ನಿಮಿಷದಂತೆ 25 ದಿನಕ್ಕೆ 500 ನಿಮಿಷ. ಪೂರ್ತಿ ಒಂದು ದಿನದ ದುಡಿಮೆ ಬಸ್ಸು ತಪ್ಪೀತು ಎಂಬ ಭಯಕ್ಕೇ ಹೋಯಿತು. ರಸ್ತೆ ಅಗಲ ಮಾಡುವುದಕ್ಕಿಂತ ಬಸ್ಸು ಹೇಳಿದ ಹೊತ್ತಿಗೆ ಬರುವಂತೆ ಮಾಡುವುದು ದುಡಿಯುವವರಿಗೆ ದೊಡ್ಡ ಉಪಕಾರ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಲೆಕ್ಕ. ಗಂಟೆಗೆ 5 ಕಿ.ಮೀ. ನಡಿಗೆಯಲ್ಲಿ ಅರ್ಧ ಗಂಟೆಗೆ 2.5 ಕಿ.ಮೀ. ಎಟುಕುತ್ತದೆ; ಸುತ್ತಲಿನ ವಿಸ್ತೀರ್ಣ ಸುಮಾರು 20 ಚದರ ಕಿ.ಮೀ. ಗಂಟೆಗೆ 15 ಕಿ.ಮೀ. ಸೈಕಲ್ಲಿನಲ್ಲಿ 7.5 ಕಿ.ಮೀ.; ವಿಸ್ತೀರ್ಣ ಸುಮಾರು 177. ವೇಗ ಮೂರು ಪಟ್ಟಾದರೆ ಎಟುಕುವ ಜಾಗ ಒಂಬತ್ತು ಪಟ್ಟು. ಆದರೆ ಮನೆ ನಗರದ ಅಂಚಿನಲ್ಲಿದ್ದರೆ ಆ ವೃತ್ತದ ಅರ್ಧ ಬರೀ ಬಯಲು, ಅಲ್ಲಿ ಕೆಲಸವೇ ಇಲ್ಲ. ಕೊಳೆಗೇರಿ ತೆರವುಗೊಳಿಸಿ ಊರಾಚೆ ಹೊಸ ಮನೆ ಕೊಟ್ಟಾಗ ಎಷ್ಟೋ ಕುಟುಂಬಗಳು ಅದನ್ನು ಬಾಡಿಗೆಗೆ ಕೊಟ್ಟು ಹಳೆಯ ಜಾಗದ ಹತ್ತಿರಕ್ಕೇ ಮರಳುವುದು ಹೊಸ ಗೋಡೆಯ ಬೆಲೆ ತಿಳಿಯದೆ ಅಲ್ಲ. ಅವರ ಕೂಲಿ ಈ ವೃತ್ತದೊಳಗೆ ಇತ್ತು.

ಪ್ರಶ್ನೆ: ನಗರ ಹೆಂಗಸರಿಗೆ ದುಡಿಮೆಯ ದಾರಿ ತೆರೆಯುತ್ತದೆ ಅನ್ನುತ್ತಾರೆ. ಹಾಗಿದ್ದರೆ ಮಗು ಹುಟ್ಟಿದ ಮೇಲೆ ಅಷ್ಟೊಂದು ಜನ ಕೆಲಸ ಬಿಡುವುದೇಕೆ?

ಸಾರಿಗೆ ಯೋಜನೆ ಹಾಕುವವರು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಎಂಬ ಒಂದು ಗೆರೆ ಎಳೆಯುತ್ತಾರೆ. ಮಗುವಿನ ತಾಯಿಯ ದಿನ ಆ ಗೆರೆಯ ಮೇಲೆ ನಡೆಯುವುದಿಲ್ಲ. ಮನೆಯಿಂದ ಶಿಶುವಿಹಾರ, ಅಲ್ಲಿಂದ ಕೆಲಸ, ಮರಳುವಾಗ ಔಷಧಿ ಅಂಗಡಿ, ಮತ್ತೆ ಶಿಶುವಿಹಾರ, ಆಮೇಲೆ ಮನೆ: ಐದು ತುಂಡು ಪ್ರಯಾಣ. ಪ್ರತಿ ತುಂಡಿಗೂ 10 ನಿಮಿಷ ಕಾದರೆ ನಿಂತೇ 50 ನಿಮಿಷ. ಹತ್ತಿದಾಗಲೆಲ್ಲ ಟಿಕೆಟ್ ಎಂದಾದರೆ ಐದು ಟಿಕೆಟ್. ಒಂದೂವರೆ ಗಂಟೆಯೊಳಗೆ ಎಷ್ಟು ಸಲ ಹತ್ತಿಳಿದರೂ ಒಂದೇ ಟಿಕೆಟ್ ಎಂಬ ನಿಯಮವೊಂದೇ ಈ ಖರ್ಚನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ.

ಆಸ್ಟ್ರಿಯಾದ ವಿಯೆನ್ನಾ ನಗರ 1990ರ ದಶಕದಲ್ಲಿ ಮಹಿಳಾ ವಾಸ್ತುಶಿಲ್ಪಿಗಳಿಂದ ಒಂದು ವಸತಿ ಸಮುಚ್ಚಯ ಕಟ್ಟಿಸಿತು. ಶಿಶುವಿಹಾರ, ವೈದ್ಯರು, ಔಷಧಿ ಅಂಗಡಿ ಆವರಣದಲ್ಲೇ. ತುಂಡು ಪ್ರಯಾಣಗಳು ಮೆಟ್ಟಿಲಿಳಿಯುವಷ್ಟಕ್ಕೆ ಮುಗಿದವು. ಅಷ್ಟು ಮಾಡಲಾಗದ ಕಡೆಯೂ ಮಾಡಬಹುದಾದದ್ದು ಇದೆ: ಎರಡು ಗಾಲಿಕುರ್ಚಿ ಎದುರುಬದುರು ಹಾಯುವಂತೆ 1.8 ಮೀಟರ್ ಅಡೆತಡೆಯಿಲ್ಲದ ಕಾಲುದಾರಿ, ನಿಲ್ದಾಣದಿಂದ ಮನೆ ಬಾಗಿಲವರೆಗೂ ದೀಪ, ಶಿಶುವಿಹಾರದ ಬಾಗಿಲು ಕಚೇರಿ ಬಿಡುವುದಕ್ಕಿಂತ ಒಂದು ಗಂಟೆ ತಡವಾಗಿ ಮುಚ್ಚುವ ಏರ್ಪಾಡು. ಕೆಲಸ ಕೈತಪ್ಪುವುದು ಹೆಚ್ಚಾಗಿ ಈ ಕೊನೆಯ ಒಂದು ಗಂಟೆಯಲ್ಲೇ.

ಪ್ರಶ್ನೆ: ನಗರ ಸೇರಿದರೆ ಹುಟ್ಟಿನ ಹಂಗು ಹರಿಯುತ್ತದೆ ಎಂದು ಓದಿದ್ದೆ. ಬಂದು ನಾಲ್ಕು ವರ್ಷವಾಯಿತು, ಸುತ್ತ ಇರುವವರೆಲ್ಲ ನಮ್ಮೂರಿನವರೇ, ಮಾಡುವುದೂ ಒಂದೇ ಕೆಲಸ.

ಮಧ್ಯಯುಗದ ಅನೇಕ ಜರ್ಮನ್ ನಗರಗಳಲ್ಲಿ ಜೀತದಾಳು ಓಡಿಬಂದು ಒಂದು ವರ್ಷ ಒಂದು ದಿನ ಉಳಿದು, ಅಷ್ಟರೊಳಗೆ ಒಡೆಯ ಹಕ್ಕು ಸಾಧಿಸದಿದ್ದರೆ ಆತ ಸ್ವತಂತ್ರ. ಆದರೆ ಕಸುಬಿನ ಸಂಘಗಳು ಬಾಗಿಲು ಕಾಯುತ್ತಿದ್ದವು. ಹಲವು ಸಂಘಗಳು ಹುಟ್ಟಿನ ಪುರಾವೆ ಕೇಳುತ್ತಿದ್ದವು. ಬಿಡುಗಡೆ ಒಂದು, ಕಸುಬು ಇನ್ನೊಂದು.

ನಿಮ್ಮೂರಿನವರು ಮೊದಲ ತಿಂಗಳ ಆಸರೆ, ಮೊದಲ ಕೆಲಸ, ಕಾಯಿಲೆ ಬಿದ್ದಾಗ ಗಂಜಿ. ಅದನ್ನು ಬಿಡಬೇಡಿ. ಆದರೆ ಅವರಿಗೆ ಗೊತ್ತಿರುವ ಕೆಲಸಗಳೆಲ್ಲ ನಿಮಗೂ ಗೊತ್ತು, ತೊಡಕು ಇರುವುದು ಅಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಬಾಸ್ಟನ್ ಹೊರವಲಯದಲ್ಲಿ ಪರಿಚಯದ ಮೂಲಕ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿದರು: ಸುಳಿವು ಕೊಟ್ಟವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಎಂದವರು ಶೇ 16.7, ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ಶೇ 27.8. ಆಪ್ತರಿಗಿಂತ ಮುಖಪರಿಚಯದವರೇ ಹೊಸ ಬಾಗಿಲು ತೋರಿಸಿದರು.

ಸಂಜೆಯ ತರಗತಿ, ಗ್ರಂಥಾಲಯ, ಆಟದ ಮೈದಾನ, ಕಾರ್ಮಿಕ ಸಂಘ: ನಿಮ್ಮೂರಿನವರು ಇಲ್ಲದ ಒಂದು ಕಡೆಗೆ ವಾರಕ್ಕೊಮ್ಮೆ ತಪ್ಪದೆ ಹೋಗಿ. ಅಲ್ಲಿ “ಕೆಲಸ ಕೊಡಿಸಿ” ಎಂದು ಕೇಳಿದರೆ ಜನ ಹಿಂಜರಿಯುತ್ತಾರೆ. “ನಿಮ್ಮಲ್ಲಿ ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ? ಅದಕ್ಕೆ ಏನು ಕಲಿತಿರಬೇಕು?” ಎಂದು ಕೇಳಿ, ಅದಕ್ಕೆ ಎಲ್ಲರೂ ಮನಸ್ಸು ಬಿಚ್ಚಿ ಉತ್ತರಿಸುತ್ತಾರೆ.

ಪ್ರಶ್ನೆ: ನಗರದಲ್ಲಿ ಹೊಸ ಕಾರ್ಖಾನೆ ಬರುತ್ತಲೇ ಇವೆ, ನಿರುದ್ಯೋಗ ಇಳಿಯುತ್ತಿಲ್ಲ. ಏಕೆ?

1970ರಲ್ಲಿ ಅರ್ಥಶಾಸ್ತ್ರಜ್ಞರಾದ ಹ್ಯಾರಿಸ್ ಮತ್ತು ಟೊಡಾರೊ ಕೊಟ್ಟ ಲೆಕ್ಕ ಇಂದಿಗೂ ಉಪಯುಕ್ತ. ಹಳ್ಳಿಯ ಗಳಿಕೆ 100, ನಗರದ ಕಾಯಂ ಕೆಲಸದ್ದು 200 ಎನ್ನಿ. ಕೆಲಸ ಸಿಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿರುವವರೆಗೆ ಜನ ಬರುತ್ತಲೇ ಇರುತ್ತಾರೆ. 100 ಹೊಸ ಕೆಲಸ ಹುಟ್ಟಿದರೆ 200 ಜನ ಬಂದು, ನಿರುದ್ಯೋಗಿಗಳು 100 ಹೆಚ್ಚುತ್ತಾರೆ. ಹಳ್ಳಿಯ ಗಳಿಕೆ 150ಕ್ಕೆ ಏರಿದರೆ ಅದೇ 100 ಕೆಲಸಕ್ಕೆ ಸುಮಾರು 133 ಜನ ಬರುತ್ತಾರೆ, ಹೊರಗುಳಿಯುವವರು 33. ನಗರದ ನಿರುದ್ಯೋಗಕ್ಕೆ ಮದ್ದು ಹಳ್ಳಿಯಲ್ಲೂ ಇದೆ. ವಲಸೆ ಬಂದವರನ್ನು ದೂರುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು.

ಪ್ರಶ್ನೆ: ಒಂದೇ ಉದ್ಯಮದ ಮೇಲೆ ನಿಂತ ನಗರದಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿದೆ. ಅಲ್ಲೇ ಸಾಲ ಮಾಡಿ ಮನೆ ಕೊಳ್ಳಬಹುದೇ?

ಕೆಲಸಕ್ಕೆ ಹೋಗಿ. ಮನೆಗೆ ಅವಸರ ಬೇಡ. ಕಾರು ಉದ್ಯಮದ ಮೇಲೆ ನಿಂತಿದ್ದ ಅಮೆರಿಕದ ಡೆಟ್ರಾಯ್ಟ್‌ನಲ್ಲಿ 1950ರಲ್ಲಿ 18.5 ಲಕ್ಷ ಜನರಿದ್ದರು, 2020ರಲ್ಲಿ 6.39 ಲಕ್ಷ. ಜನ ಹೋದರೂ ಹೂತ ಕೊಳವೆ, ರಸ್ತೆ, ದೀಪದ ಕಂಬ ಮೊದಲಿನಷ್ಟೇ ಉಳಿದವು. ಅವುಗಳ ಖರ್ಚು ಉಳಿದ ಮೂರನೇ ಒಂದು ಭಾಗದ ಜನರ ಮೇಲೆ ಬಿತ್ತು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅಂಥ ಊರಲ್ಲಿ ಉದ್ಯಮ ಕುಸಿದರೆ ಕೆಲಸ ಹೋಗುವ ತಿಂಗಳಲ್ಲೇ ಮನೆಯ ಬೆಲೆಯೂ ಬೀಳುತ್ತದೆ, ಏಕೆಂದರೆ ಮಾರಲು ಹೊರಟವರು ನೀವೊಬ್ಬರೇ ಆಗಿರುವುದಿಲ್ಲ.

ಹೋಗುವ ಮೊದಲು ಎರಡು ವಿಷಯ ವಿಚಾರಿಸಿ. ಅಲ್ಲಿನ ಸಣ್ಣ ಬಿಡಿಭಾಗ ಘಟಕಗಳು ಆ ಒಂದು ಉದ್ಯಮದ ಹೊರಗಿನ ಗಿರಾಕಿಗಳಿಗೂ ಮಾರುತ್ತವೆಯೇ? ನೀವು ಕಲಿಯುವ ಕೆಲಸವನ್ನು ಬೇರೆ ಉದ್ಯಮದವರು ಕೇಳುತ್ತಾರೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ, ಮೂರು ವರ್ಷ ಬಾಡಿಗೆಗಿದ್ದು ಆಮೇಲೆ ಮನೆ ನೋಡಿ.