ತೋಳ ಹೆಚ್ಚಾದ ಮೇಲೂ ಕಾನೂನಿನ ಕಾವಲು ಬೇಕಾ?

ಪ್ರಶ್ನೆ: ಅಮೆರಿಕದಲ್ಲಿ ತೋಳಗಳು ಮತ್ತೆ ಹೆಚ್ಚಿವೆ ಅಂತ ಓದಿದೆ. ಆದರೂ ಅವುಗಳ ರಕ್ಷಣೆ ತೆಗೆಯಬೇಕೋ ಬೇಡವೋ ಅಂತ ಕೋರ್ಟಿನಲ್ಲಿ ಜಗಳ ಯಾಕೆ? ನೀವು ಯಾರ ಕಡೆ?

ಉತ್ತರ: ಎಷ್ಟು ತೋಳ ಇವೆ ಅನ್ನುವುದಕ್ಕಿಂತ, ಎಲ್ಲೆಲ್ಲಿ ಇರಬೇಕು ಅನ್ನುವುದರ ಮೇಲೆ ಜಗಳ ಜಾಸ್ತಿ.

ವಿಷ ಇಟ್ಟು, ಬಲೆ ಹಾಕಿ, ಕೊಂದವರಿಗೆ ಸರಕಾರವೇ ಬಹುಮಾನ ಕೊಟ್ಟು ಅಲ್ಲಿ ತೋಳದ ಸಂತತಿಯನ್ನೇ ಮುಗಿಸುತ್ತಾ ಬಂದಿದ್ದರು. 1970ರ ಹೊತ್ತಿಗೆ, ಅಲಾಸ್ಕ ಬಿಟ್ಟರೆ, ಹೆಚ್ಚುಕಡಿಮೆ ಮಿನ್ನೆಸೋಟದ ಉತ್ತರದ ಕಾಡಿನಲ್ಲಷ್ಟೇ ತೋಳ ಉಳಿದಿತ್ತು. ಅಳಿವಿನಂಚಿನ ಜೀವಿಗಳನ್ನು ಪಟ್ಟಿ ಮಾಡಿ ಕಾಯುವ 1973ರ ಕೇಂದ್ರ ಕಾಯಿದೆ ಅವಕ್ಕೆ ಆಸರೆಯಾಯಿತು. 1995 ಮತ್ತು 96ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ರಾಕಿ ಬೆಟ್ಟಸಾಲಿನ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಟ್ಟರು. ಆ ಬೆಟ್ಟಸಾಲಿನ ಮೂರು ರಾಜ್ಯಗಳಿಗೆ ಇಟ್ಟುಕೊಂಡ ಗುರಿ ಮರಿ ಹಾಕುವ 30 ಜೋಡಿ, ಒಟ್ಟು 300 ತೋಳ. 2002ರಲ್ಲೇ ಆ ಗುರಿ ಮುಟ್ಟಿತು.

ನೀವೇ ಹಾಕಿದ ಗೆರೆ ದಾಟಿದೆಯಲ್ಲ, ಇನ್ನು ನಮ್ಮ ಕೈಗೆ ಬಿಡಿ ಅನ್ನುತ್ತಾರೆ ದನ ಸಾಕುವವರು. ನ್ಯಾಯವಾದ ಮಾತು. ಹಿಂದೆ ದೇಶದ ತುಂಬಾ ಇದ್ದ ಪ್ರಾಣಿ ಕೆಲವು ಮೂಲೆಗಳಲ್ಲಿ ಮಾತ್ರ ಇದೆಯಲ್ಲ ಅನ್ನುತ್ತಾರೆ ಇನ್ನೊಂದು ಕಡೆಯವರು. ಅದೂ ಸುಳ್ಳಲ್ಲ.

ಸತ್ತ ಕರುವಿಗೆ ಪರಿಹಾರ ಸಿಗುತ್ತೆ ಅಲ್ವಾ ಅಂತ ನಗರದಲ್ಲಿ ಕೂತು ಹೇಳುವುದು ಸುಲಭ. ತೋಳವೇ ಕೊಂದಿದೆ ಅಂತ ಸಾಬೀತು ಮಾಡಬೇಕಲ್ಲ! ಅಷ್ಟು ದೊಡ್ಡ ಹುಲ್ಲುಗಾವಲಿನಲ್ಲಿ ಎಷ್ಟೋ ಸಲ ಹೆಣವೇ ಸಿಗುವುದಿಲ್ಲ. ಬೆದರಿದ ದನ ಸರಿಯಾಗಿ ಮೇಯುವುದಿಲ್ಲ, ತೂಕ ಇಳಿಯುತ್ತದೆ. ಕೊಲೊರಾಡೊದಲ್ಲಿ ಒಂದು ದನಕ್ಕೆ 15,000 ಡಾಲರ್‌ವರೆಗೆ ಕೊಡುತ್ತಾರೆ, ನಿಜ. ಆದರೆ ಅಲ್ಲಿ ತೋಳ ತರಬೇಕೆಂದು 2020ರಲ್ಲಿ ಮತ ಹಾಕಿದವರಲ್ಲಿ ಹೆಚ್ಚಿನವರು ಪೂರ್ವದ ನಗರಗಳವರು. 2023ರ ಡಿಸೆಂಬರ್‌ನಲ್ಲಿ ತೋಳ ಬಂದಿಳಿದದ್ದು ಪಶ್ಚಿಮದ ಬೆಟ್ಟಗಳಲ್ಲಿ. ಅಲ್ಲಿಯವರಿಗೆ ಸಿಟ್ಟು ಬರದೆ ಇರುತ್ತದೆಯೇ?

ಇಷ್ಟು ಹೇಳಿದ ಮೇಲೆ ನಾನು ದನ ಸಾಕುವವರ ಕಡೆ ಅಂದುಕೊಂಡಿರಾ? ವಿಸ್ಕಾನ್ಸಿನ್‌ನಲ್ಲಿ ಆದದ್ದನ್ನೂ ಕೇಳಿ. 2021ರ ಜನವರಿಯಲ್ಲಿ ಕೇಂದ್ರದ ರಕ್ಷಣೆ ಹೋಯಿತು. ರಕ್ಷಣೆ ಹೋದರೆ ಬೇಟೆ ನಡೆಸಲೇಬೇಕು ಅಂತ ಆ ರಾಜ್ಯದ ಕಾನೂನೇ ಹೇಳುತ್ತದೆ. ಎಂಥ ಅವಸರ ನೋಡಿ! ಫೆಬ್ರವರಿಯಲ್ಲಿ, ತೋಳಗಳು ಜೊತೆಗೂಡುವ ಕಾಲದಲ್ಲೇ, ಬೇಟೆ ಶುರುವಾಯಿತು. ಲೈಸೆನ್ಸ್ ಪಡೆದವರಿಗೆ 119 ತೋಳಗಳ ಮಿತಿ ಇತ್ತು. ಮೂರು ದಿನ ತುಂಬುವ ಮೊದಲೇ 218 ಸತ್ತವು. ಇದರ ಜೊತೆಗೆ ಓಜಿಬ್ವೆ ಬುಡಕಟ್ಟಿನವರಿಗೆ ಅಂತ 81 ತೋಳಗಳ ಪಾಲು ಬೇರೆ ಇತ್ತು. ಅವರಿಗೆ ತೋಳ ಒಡಹುಟ್ಟಿದವನ ಹಾಗೆ. ಕೊಲ್ಲದೆ ಉಳಿಸುವುದೇ ಅವರಿಗೆ ಬೇಕಿತ್ತು. 2022ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಕೋರ್ಟೊಂದು ರಕ್ಷಣೆಯನ್ನು ಮರಳಿ ಕೊಟ್ಟಿತು. ರಾಕಿ ಬೆಟ್ಟಸಾಲಿನ ತೋಳಗಳು ಮಾತ್ರ ಅದರ ಹೊರಗೇ ಉಳಿದವು.

ಹಾಗಾಗಿ ಪಟ್ಟಿಯಿಂದ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ತೆಗೆದ ಮರುದಿನ ರಾಜ್ಯದ ಕೈಯಲ್ಲಿ ಯಾವ ನಿಯಮ ಇದೆ ಅಂತ ಮೊದಲು ನೋಡಬೇಕು. ರಾಕಿ ಬೆಟ್ಟಸಾಲಿನ ರಾಜ್ಯವಾದ ವಯೋಮಿಂಗ್‌ನ ಬಹುಪಾಲು ಜಾಗದಲ್ಲಿ ತೋಳವನ್ನು ಲೈಸೆನ್ಸ್ ಇಲ್ಲದೆ, ವರ್ಷದ ಯಾವ ದಿನ ಬೇಕಾದರೂ ಕೊಲ್ಲಬಹುದು. ಅದು ನನಗೆ ಒಪ್ಪಿಗೆಯಿಲ್ಲ. ಮಿನ್ನೆಸೋಟದ ಏರ್ಪಾಡು ನನಗೆ ಹಿಡಿಸುತ್ತದೆ. ಅಲ್ಲಿ ರಕ್ಷಣೆ ಒಂದು ಮೆಟ್ಟಿಲು ಕೆಳಗಿದೆ: ದನದ ಮೇಲೆ ಬಿದ್ದ ತೋಳವನ್ನು ಸರಕಾರದ ಸಿಬ್ಬಂದಿ ಕೊಲ್ಲಬಹುದು, ಉಳಿದವರು ಬೇಟೆಯಾಡುವಂತಿಲ್ಲ.