ರೂಟ್ ಕೆನಾಲ್ ಮುಗಿದ ಹಲ್ಲಿಗೆ ಮುಂದೇನು?

ಪ್ರಶ್ನೆ: ಕೆಳದವಡೆಯ ಹಲ್ಲೊಂದಕ್ಕೆ ಆರು ವಾರಗಳ ಹಿಂದೆ ರೂಟ್ ಕೆನಾಲ್ ಚಿಕಿತ್ಸೆ ಆಯಿತು. ಮೇಲೆ ಬಿಳಿಯ ಸಿಮೆಂಟ್ ತುಂಬಿ ಕಳಿಸಿದ್ದಾರೆ. ಈಗ ನೋವು ಎಳ್ಳಷ್ಟೂ ಇಲ್ಲ. ಆದರೂ ಕ್ಯಾಪ್ ಹಾಕಿಸಿಕೊಳ್ಳಲೇಬೇಕೆಂದು ವೈದ್ಯರು ಹೇಳುತ್ತಾರೆ. ನೋವೇ ಇಲ್ಲದ ಹಲ್ಲಿಗೆ ಇದು ನಿಜಕ್ಕೂ ಬೇಕೆ?

ಉತ್ತರ: ನೋವನ್ನು ತಿಳಿಸುತ್ತಿದ್ದ ನರಗಳು ಹಲ್ಲಿನ ತಿರುಳಿನಲ್ಲಿದ್ದವು, ಆ ತಿರುಳನ್ನೇ ಈಗ ತೆಗೆದುಹಾಕಲಾಗಿದೆ. ಆದ್ದರಿಂದ ಇನ್ನು ಮುಂದೆ ಹುಳುಕು ಮತ್ತೆ ಹತ್ತಿದರೂ ಈ ಹಲ್ಲು ನಿಮ್ಮನ್ನು ಮೊದಲಿನಂತೆ ಬೇಗ ಎಚ್ಚರಿಸುವುದಿಲ್ಲ. ನೋವಿಲ್ಲವೆಂಬುದನ್ನು ಹಲ್ಲು ಗಟ್ಟಿಯಾಗಿದೆ ಎಂಬುದಕ್ಕೆ ಪುರಾವೆಯಾಗಿ ತೆಗೆದುಕೊಳ್ಳಬೇಡಿ.

ನಿಮ್ಮ ಹಲ್ಲಿಗೆ ಎರಡು ಅಪಾಯಗಳಿವೆ. ಮೊದಲನೆಯದು ಸೋರಿಕೆ. ಈಗ ತುಂಬಿರುವ ಬಿಳಿಯ ಸಿಮೆಂಟ್ ತಾತ್ಕಾಲಿಕವಾದದ್ದು. ಸಾಕಷ್ಟು ದಪ್ಪವಾಗಿ ತುಂಬಿದ್ದರೂ ಎರಡು ಮೂರು ವಾರಗಳ ಕೆಲಸಕ್ಕೆಂದೇ ಅದನ್ನು ತಯಾರಿಸಿರುತ್ತಾರೆ. ಅದು ಸವೆದು ಅಂಚು ಬಿಟ್ಟರೆ ಜೊಲ್ಲಿನೊಡನೆ ಬ್ಯಾಕ್ಟೀರಿಯಾಗಳು ಒಳಗಿಳಿಯುತ್ತವೆ. ಬೇರಿನ ನಾಳಗಳಲ್ಲಿ ತುಂಬಿದ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ಅವುಗಳನ್ನು ಬಹುಕಾಲ ತಡೆಯಲಾರದು. ಹಾಗಾಗಿ ಬೇರಿನೊಳಗಿನ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೇಲಿನ ಮುಚ್ಚಳ ಕೆಟ್ಟರೆ ಬೇರಿನ ತುದಿಯಲ್ಲಿ ಸೋಂಕು ಮರುಕಳಿಸಬಹುದು. ಆರು ವಾರ ಕಳೆದಿರುವುದರಿಂದ ನೀವು ಮೊದಲು ಮಾಡಬೇಕಾದದ್ದು ಆ ಸಿಮೆಂಟ್ ಇನ್ನೂ ಬಿಗಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳುವುದು. ನಾಳಗಳು ತಿಂಗಳುಗಟ್ಟಲೆ ಜೊಲ್ಲಿಗೆ ತೆರೆದುಕೊಂಡಿದ್ದರೆ ಕ್ಯಾಪ್ ಹಾಕುವ ಮೊದಲು ರೂಟ್ ಕೆನಾಲನ್ನೇ ಮತ್ತೊಮ್ಮೆ ಮಾಡಬೇಕಾಗಿ ಬರಬಹುದು.

ಎರಡನೆಯದು ಹಲ್ಲು ಸೀಳುವ ಅಪಾಯ. ತಿರುಳು ತೆಗೆದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಮುರಿಯುತ್ತದೆ ಎಂಬ ಮಾತು ದಂತವೈದ್ಯರ ಬಾಯಲ್ಲೂ ಬಹುಕಾಲ ಓಡಾಡಿದೆ. ಪ್ರಯೋಗಗಳು ಅದನ್ನು ಅಷ್ಟಾಗಿ ಸಮರ್ಥಿಸುವುದಿಲ್ಲ. ಹಲ್ಲು ದುರ್ಬಲವಾಗುವುದು ನೀರು ಆರುವುದರಿಂದಲ್ಲ, ಗೋಡೆಗಳು ಹೋಗುವುದರಿಂದ. 1989ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದರಲ್ಲಿ, ನಾಳಗಳನ್ನು ತಲುಪಲು ಕೊರೆಯುವ ರಂಧ್ರವೊಂದರಿಂದಲೇ ಹಲ್ಲಿನ ಬಿಗಿತ ಸುಮಾರು ಶೇಕಡಾ 5ರಷ್ಟು ಮಾತ್ರ ಕುಗ್ಗಿತು; ಅಕ್ಕಪಕ್ಕದ ಹಲ್ಲುಗಳಿಗೆ ತಾಗುವ ಎರಡೂ ಬದಿಯ ಗೋಡೆಗಳು ಹೋದಾಗ ಕುಗ್ಗಿದ ಪ್ರಮಾಣ ಶೇಕಡಾ 63. ಇಂಥ ಹಲ್ಲಿನ ಮೇಲೆ ಅಗಿಯುವ ಭಾರ ಬಿದ್ದಾಗಲೆಲ್ಲ ಅಗಿಯುವ ಮೇಲ್ಮೈಯಲ್ಲಿ ಉಳಿದ ಉಬ್ಬುಗಳು ಹೊರಕ್ಕೆ ಬಾಗುತ್ತವೆ, ಒಂದು ದಿನ ಬುಡದಿಂದ ಸೀಳುತ್ತವೆ. ಉಬ್ಬುಗಳನ್ನೆಲ್ಲ ಒಟ್ಟಾಗಿ ಹಿಡಿದುಕೊಳ್ಳುವುದೇ ಕ್ಯಾಪಿನ ಮುಖ್ಯ ಕೆಲಸ.

2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ರೂಟ್ ಕೆನಾಲ್ ಆದ ಹಲ್ಲುಗಳಲ್ಲಿ ಕ್ಯಾಪ್ ಇಲ್ಲದವು ಕ್ಯಾಪ್ ಇದ್ದವುಗಳಿಗಿಂತ 6 ಪಟ್ಟು ವೇಗದಲ್ಲಿ ನಷ್ಟವಾದವು. ಇದನ್ನು ತುಸು ಎಚ್ಚರದಿಂದ ಓದಬೇಕು, ಏಕೆಂದರೆ ಉಳಿಯುವ ಭರವಸೆಯೇ ಇಲ್ಲದ ಹಲ್ಲಿಗೆ ಸಾಮಾನ್ಯವಾಗಿ ಯಾರೂ ಕ್ಯಾಪ್ ಹಾಕಲು ಹೋಗುವುದಿಲ್ಲ. ಆದರೂ ದವಡೆ ಹಲ್ಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮ ವೈದ್ಯರದ್ದೇ. ಗೋಡೆಗಳು ಸಾಕಷ್ಟು ಉಳಿದಿದ್ದರೆ ಪೂರ್ಣ ಕ್ಯಾಪಿನ ಬದಲು ಉಬ್ಬುಗಳನ್ನಷ್ಟೇ ಮುಚ್ಚುವ ಆನ್‌ಲೇ ಸಾಕಾಗಬಹುದು. ಅದಕ್ಕೆ ಹಲ್ಲನ್ನು ಅರೆಯುವುದೂ ಕಡಿಮೆ. ಆ ಸಾಧ್ಯತೆಯಿದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಪೆಟ್ಟು ಬಿದ್ದು ನನ್ನ ಮುಂದಿನ ಬಾಚಿಹಲ್ಲಿಗೆ ರೂಟ್ ಕೆನಾಲ್ ಮಾಡಿಸಬೇಕಾಯಿತು. ಹಲ್ಲು ಮುರಿದಿಲ್ಲ, ಆದರೆ ಬಣ್ಣ ಬೂದಿಯಂತಾಗಿದೆ. ಇದಕ್ಕೂ ಕ್ಯಾಪ್ ಹಾಕಿಸಬೇಕೆ?

ಉತ್ತರ: ಬಹುಶಃ ಬೇಡ. ಮುಂದಿನ ಹಲ್ಲು ಕತ್ತರಿಸುವ ಹಲ್ಲು, ಅಗಿಯುವ ಹಲ್ಲಲ್ಲ; ಸೀಳಿಹೋಗಲು ಅದಕ್ಕೆ ದವಡೆ ಹಲ್ಲಿನಂತಹ ಉಬ್ಬುಗಳೂ ಇಲ್ಲ. ಹಿಂಬದಿಯಲ್ಲಿ ಕೊರೆದ ರಂಧ್ರವೊಂದನ್ನು ಬಿಟ್ಟರೆ ಹಲ್ಲು ಇಡಿಯಾಗಿದ್ದರೆ ಆ ರಂಧ್ರವನ್ನು ಹಲ್ಲಿನ ಬಣ್ಣದ ಕಾಂಪೋಸಿಟ್ ರಾಳದಿಂದ ಮುಚ್ಚಿದರೆ ಸಾಕು. ಇಂಥ ಹಲ್ಲಿಗೆ ಕ್ಯಾಪ್ ಹಾಕಬೇಕಾದರೆ ಸುತ್ತಲೂ ಆರೋಗ್ಯವಾದ ಎನಾಮೆಲ್ ಮತ್ತು ಅದರ ಒಳಗಿನ ಪದರವಾದ ಡೆಂಟಿನ್ ಅರೆಯಬೇಕಾಗುತ್ತದೆ. ಬಲಪಡಿಸುವ ಹೆಸರಿನಲ್ಲಿ ಬಡಕಲು ಮಾಡಿದಂತಾಗುತ್ತದೆ.

ಬಣ್ಣಕ್ಕೆ ಬೇರೆ ದಾರಿಯಿದೆ. ಹಲ್ಲಿನ ಒಳಗೇ ಬಿಳುಪುಕಾರಕವನ್ನು ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ, ಕೆಲವು ದಿನಗಳ ನಂತರ ನೋಡಿ, ಅಗತ್ಯವಿದ್ದರೆ ಮತ್ತೆ ಬದಲಿಸುತ್ತಾರೆ. ಇದಕ್ಕೆ ಮೊದಲು ಗಟ್ಟಾಪರ್ಚಾದ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ತಡೆಪದರ ಹಾಕುವುದು ಮುಖ್ಯ, ಇಲ್ಲದಿದ್ದರೆ ರಾಸಾಯನಿಕವು ಬೇರಿನತ್ತ ಇಳಿದು, ಅಪರೂಪಕ್ಕೆ, ಹಲ್ಲಿನ ಕತ್ತಿನ ಭಾಗ ಕರಗುವಂತೆ ಮಾಡಬಹುದು. ಪೆಟ್ಟು ತಿಂದ ಹಲ್ಲಿನಲ್ಲಿ ಈ ಅಪಾಯ ಸ್ವಲ್ಪ ಹೆಚ್ಚೇ ಇರುವುದರಿಂದ, ಬಿಳುಪುಕಾರಕವನ್ನು ಬಿಸಿಮಾಡಿ ಬಳಸುವ ಹಳೆಯ ವಿಧಾನಕ್ಕೆ ಒಪ್ಪಬೇಡಿ.

ಪ್ರಶ್ನೆ: ಹಲ್ಲು ಬಹಳ ಮುರಿದಿರುವುದರಿಂದ ಬೇರಿನೊಳಗೆ ಪೋಸ್ಟ್ ಎಂಬ ಕಡ್ಡಿಯನ್ನು ಇಟ್ಟು ಮೇಲೆ ಕ್ಯಾಪ್ ಕೂರಿಸುವುದಾಗಿ ಹೇಳಿದ್ದಾರೆ. ಪೋಸ್ಟ್ ಹಾಕಿದರೆ ಹಲ್ಲಿಗೆ ಬಲ ಬರುತ್ತದೆಯಲ್ಲವೇ? ಲೋಹದ್ದು ಒಳ್ಳೆಯದೋ, ಫೈಬರ್ ಒಳ್ಳೆಯದೋ?

ಉತ್ತರ: ಕಾಂಕ್ರೀಟಿಗೆ ಕಬ್ಬಿಣದ ಸರಳು ಬಲ ಕೊಡುವಂತೆ ಪೋಸ್ಟ್ ಹಲ್ಲಿಗೆ ಬಲ ಕೊಡುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ತಪ್ಪು. ಕ್ಯಾಪ್ ಕೂರಲು ಹಲ್ಲಿನ ಮೇಲ್ಭಾಗ ಸಾಲದಾದಾಗ ಅಲ್ಲಿ ಕೋರ್ ಎಂಬ ಕೃತಕ ದಿಂಡನ್ನು ಕಟ್ಟುತ್ತಾರೆ; ಆ ದಿಂಡು ಕಳಚಿ ಬೀಳದಂತೆ ಹಿಡಿದಿಡುವುದಷ್ಟೇ ಪೋಸ್ಟ್‌ನ ಕೆಲಸ. ಅದಕ್ಕೆ ಜಾಗ ಮಾಡಲು ಬೇರಿನೊಳಗೆ ಡೆಂಟಿನ್ ಕೊರೆದಷ್ಟೂ ಬೇರು ತೆಳುವಾಗುತ್ತದೆ. ಆದ್ದರಿಂದ ಬೇಕಾದಷ್ಟು ಮಾತ್ರ ಕೊರೆಯಬೇಕು, ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಗಟ್ಟಾಪರ್ಚಾ ಹಾಗೇ ಉಳಿಯಬೇಕು. ಅಗಲವಾದ ತಿರುಳಿನ ಕೋಣೆಯೇ ಕೋರನ್ನು ಹಿಡಿದುಕೊಳ್ಳುವುದರಿಂದ ದೊಡ್ಡ ದವಡೆ ಹಲ್ಲುಗಳಿಗೆ ಪೋಸ್ಟ್ ಬೇಕಾಗುವುದು ಅಪರೂಪ.

ಹಲ್ಲನ್ನು ನಿಜವಾಗಿ ಉಳಿಸುವುದು ವಸಡಿನ ಮೇಲೆ ಸುತ್ತಲೂ ಉಳಿದಿರುವ ಗಟ್ಟಿ ಹಲ್ಲಿನ ಅಂಚು. ಉಳಿಯ ಮರದ ಹಿಡಿಯನ್ನು ನೋಡಿದ್ದರೆ ಇದು ಸುಲಭವಾಗಿ ತಿಳಿಯುತ್ತದೆ: ಸುತ್ತಿಗೆಯ ಏಟಿಗೆ ಸೀಳದಿರಲೆಂದು ಹಿಡಿಯ ತುದಿಗೆ ಲೋಹದ ಬಳೆ ತೊಡಿಸಿರುತ್ತಾರೆ. ಕ್ಯಾಪಿನ ಕೆಳ ಅಂಚು ಹಲ್ಲನ್ನು ಹಾಗೆಯೇ ತಬ್ಬಿ ಹಿಡಿಯಬೇಕು, ಅದಕ್ಕೆ ಕನಿಷ್ಠ 1.5ರಿಂದ 2 ಮಿಲಿಮೀಟರ್ ಎತ್ತರದ ಸ್ವಂತ ಹಲ್ಲು ಬೇಕು. ದಂತವೈದ್ಯರು ಇದನ್ನು ಫೆರೂಲ್ ಎನ್ನುತ್ತಾರೆ. ಪೋಸ್ಟ್ ಯಾವುದೆಂದು ಕೇಳುವ ಮೊದಲು ನನ್ನ ಹಲ್ಲಿಗೆ ಫೆರೂಲ್ ಸಿಗುತ್ತದೆಯೇ ಎಂದು ಕೇಳಿ.

ಇನ್ನು ಲೋಹವೋ ಫೈಬರೋ ಎಂಬ ಮಾತು. ಲೋಹದ ಪೋಸ್ಟ್ ಡೆಂಟಿನ್‌ಗಿಂತ ಹಲವು ಪಟ್ಟು ಬಿರುಸು. ಭಾರ ಮಿತಿಮೀರಿದಾಗ ಅದು ಬಾಗದೆ ಬೇರನ್ನೇ ಸೀಳುವುದುಂಟು, ಸೀಳಿದ ಬೇರಿಗೆ ಚಿಕಿತ್ಸೆಯಿಲ್ಲವೆಂದೇ ಹೇಳಬೇಕು. ಫೈಬರ್ ಪೋಸ್ಟ್‌ನ ಬಾಗುವ ಗುಣ ಡೆಂಟಿನ್‌ಗೆ ಹತ್ತಿರ. ಅದು ಸೋತಾಗ ಸಾಮಾನ್ಯವಾಗಿ ಅಂಟು ಬಿಟ್ಟು ಕಳಚುತ್ತದೆ ಅಥವಾ ತಾನೇ ಮುರಿಯುತ್ತದೆ, ಹಲ್ಲನ್ನು ಮತ್ತೆ ಕಟ್ಟಲು ಅವಕಾಶವಿರುತ್ತದೆ. ಸೋಲುವುದೇ ಆದರೆ ಹಾಗೆ ಸೋಲುವುದು ಮೇಲು ಎಂದು ನಾನು ಫೈಬರ್ ಕಡೆಗೆ ವಾಲುತ್ತೇನೆ.

ಪ್ರಶ್ನೆ: ಜಿರ್ಕೋನಿಯಾ, ಲೋಹದ ಮೇಲೆ ಪಿಂಗಾಣಿ, ಬರಿಯ ಲೋಹ, ಇವುಗಳಲ್ಲಿ ಯಾವ ಕ್ಯಾಪ್ ಬಾಳಿಕೆ ಬರುತ್ತದೆ?

ಉತ್ತರ: ಸರಿಯಾಗಿ ಕೂತರೆ ಮೂರೂ ಬಾಳುತ್ತವೆ. ಲೋಹಕ್ಕೆ ಹಲ್ಲನ್ನು ಅರೆಯುವುದು ಕಡಿಮೆ, ನೋಟಕ್ಕೆ ಮಾತ್ರ ಹಿಡಿಸುವುದಿಲ್ಲ. ಪಿಂಗಾಣಿಯ ಪದರ ಕೆಲವೊಮ್ಮೆ ಚಕ್ಕೆ ಏಳುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನು ಮೊದಲೇ ತಿಳಿಸಿ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಹಾಕಿಸಿದ ಕ್ಯಾಪ್ ನಿನ್ನೆ ಕೈಗೇ ಬಂತು. ಒಳಗೆ ಹಲ್ಲಿನ ತುಂಡೊಂದು ಸಿಕ್ಕಿಕೊಂಡಿದೆ. ಈ ಹಲ್ಲನ್ನು ಉಳಿಸಿಕೊಳ್ಳಬಹುದೆ?

ಉತ್ತರ: ಕ್ಯಾಪಿನೊಳಗೆ ಹಲ್ಲಿನ ತುಂಡು ಉಳಿದಿದೆ ಎಂದರೆ ಸಿಮೆಂಟ್ ಬಿಟ್ಟಿಲ್ಲ, ಹಲ್ಲೇ ಮುರಿದಿದೆ. ಮುರಿತ ಎಷ್ಟು ಆಳಕ್ಕೆ ಹೋಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಸಡಿನ ಮಟ್ಟದಲ್ಲಿ ನಿಂತಿದ್ದರೆ ಎರಡು ದಾರಿಗಳಿವೆ: ಸುತ್ತಲಿನ ವಸಡು ಮತ್ತು ಮೂಳೆಯನ್ನು ಸ್ವಲ್ಪ ತಗ್ಗಿಸಿ ಹಲ್ಲಿನ ಅಂಚನ್ನು ಹೊರತರುವುದು, ಅಥವಾ ತಂತಿಯ ಸಹಾಯದಿಂದ ಬೇರನ್ನೇ ನಿಧಾನವಾಗಿ ಮೇಲಕ್ಕೆಳೆಯುವುದು. ಎರಡನೆಯದಕ್ಕೆ ಸಮಯ ಹಿಡಿಯುತ್ತದೆ, ಬೇರು ಉದ್ದವಾಗಿರಬೇಕು. ಆದರೆ ಪಕ್ಕದ ಹಲ್ಲುಗಳ ಮೂಳೆಗೆ ಕೈ ಹಾಕಬೇಕಾಗಿಲ್ಲ. ಬೇರು ಉದ್ದಕ್ಕೂ ಸೀಳಿದ್ದರೆ ಹಲ್ಲನ್ನು ಕೀಳಿಸುವುದೇ ಸರಿ, ಸೀಳಿನ ಪಕ್ಕದ ಮೂಳೆ ದಿನೇದಿನೇ ಕರಗುತ್ತಿರುತ್ತದೆ.

ಬಿದ್ದ ಕ್ಯಾಪನ್ನು ಎಸೆಯಬೇಡಿ, ಮನೆಯಲ್ಲಿರುವ ಅಂಟಿನಿಂದ ಅಂಟಿಸಿಕೊಳ್ಳಲೂ ಬೇಡಿ. ಒಳಗಿನ ತುಂಡಿನ ಸಮೇತ ಪುಟ್ಟ ಡಬ್ಬಿಯಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಆ ತುಂಡು ಮುರಿದಿರುವ ಓರೆಯನ್ನು ನೋಡಿದರೆ ವಸಡಿನ ಕೆಳಗೆ ಏನಾಗಿದೆ ಎಂಬುದು ವೈದ್ಯರಿಗೆ ಅರ್ಧದಷ್ಟು ತಿಳಿದುಬಿಡುತ್ತದೆ.