ಅಂಕ ಬಂದಿದೆ, ಗಾಲಿಸ್ ಇನ್ನೂ ಬಂದಿಲ್ಲ

ನಮಸ್ಕಾರ.

ಗ್ರೀಸಿನ ಬಾಸ್ಕೆಟ್‌ಬಾಲ್ ಆಟಗಾರ ನಿಕೋಸ್ ಗಾಲಿಸ್ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟ ಆದ ಮೇಲೆ ಕೂತೆ, ಆರನೇ ಪುಟಕ್ಕೆ ಕಣ್ಣು ಎಳೆಯಿತು. ಎರಡನೇ ಸಲ ಬೆಳಿಗ್ಗೆ ಕಾಫಿ ಪಕ್ಕಕ್ಕಿಟ್ಟುಕೊಂಡು, ಪೆನ್ಸಿಲ್ ಹಿಡಿದು ಓದಿದೆ. ಈಗಿರುವ ಹಾಗೆ ಇದನ್ನು ಹಾಕುವುದಕ್ಕೆ ಆಗುವುದಿಲ್ಲ. ಹಾಗಂತ 'ಪ್ರಕಟಿಸಲಾಗದ್ದಕ್ಕೆ ವಿಷಾದ' ಅಂತ ಒಂದು ಸಾಲು ಗೀಚಿ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆ ಕತೆ ಇದೆ. ಅದು ನಿಮ್ಮ ಕಣ್ಣಿಗೇ ಬಿದ್ದಿಲ್ಲ ಅಂತ ನನ್ನ ಅನುಮಾನ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ.

ನೀವು ಕೊಟ್ಟ ಅಂಕಿಗಳು ಇವು. ಗ್ರೀಕ್ ಲೀಗ್‌ನಲ್ಲಿ 1981ರಿಂದ 1991ರವರೆಗೆ ಸತತ 11 ವರ್ಷ ಅತಿ ಹೆಚ್ಚು ಅಂಕ. ಯುರೋಪಿನ ದೇಶಗಳ ತಂಡಗಳು ಆಡುವ ಯುರೋಬಾಸ್ಕೆಟ್‌ನಲ್ಲಿ ನಾಲ್ಕು ಸಲ ಅತಿ ಹೆಚ್ಚು ಅಂಕ. 1986ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಅವನೇ ಮೊದಲು. ಅವನು ಆಡಿದ ಆರಿಸ್ ಕ್ಲಬ್ಬಿಗೆ 8 ಲೀಗ್ ಪಟ್ಟ. 1987ರ ಯುರೋಬಾಸ್ಕೆಟ್‌ನಲ್ಲಿ ಪಂದ್ಯಕ್ಕೆ ಸರಾಸರಿ 37. ಎಲ್ಲವನ್ನೂ ತಾಳೆ ನೋಡಿದೆ, ಎಲ್ಲವೂ ಸರಿ ಇದೆ. ಅದಕ್ಕೆ ಶಹಬ್ಬಾಸ್. ಆದರೆ ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ದಿನಸಿ ಅಂಗಡಿಯ ಚೀಟಿ ಓದಿದ ಹಾಗಾಯಿತು. ಬೇಳೆ ಎರಡು ಕೇಜಿ, ಸಕ್ಕರೆ ಒಂದು ಕೇಜಿ, ಅಂಕ ನಲವತ್ತು. ಇಷ್ಟೊಂದು ಅಂಕ ಗಳಿಸಿದವನು ಚೆಂಡನ್ನು ಹೇಗೆ ರಿಂಗಿಗೆ ಹಾಕುತ್ತಿದ್ದ? ಅದು ಎಲ್ಲೂ ಇಲ್ಲ. ದೂರ ನಿಂತು ಮೂರು ಅಂಕದ ಶಾಟ್ ಹೊಡೆಯುವ ಜಾತಿಯವನೇ ಅಲ್ಲ ಅವನು. ಎತ್ತರದ ಡಿಫೆಂಡರ್‌ಗಳ ನಡುವೆ ನುಗ್ಗಿ, ಹಾರಿ, ಗಾಳಿಯಲ್ಲೇ ಮೈ ತಿರುಗಿಸಿ, ಅವರ ಕೈ ಇಳಿಯುವ ತನಕ ಕಾದವನ ಹಾಗೆ ಕೊನೆ ಗಳಿಗೆಯಲ್ಲಿ ಚೆಂಡು ಬಿಡುತ್ತಿದ್ದ. ಹಳೇ ವಿಡಿಯೋಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅವನ ಎತ್ತರ 1.83 ಮೀಟರ್ ಅಂತ ನೀವು ಬರೆದಿದ್ದೀರಿ. ಎದುರಿಗಿದ್ದವರ ಎತ್ತರ ಬರೆದಿಲ್ಲ. 1987ರ ಸೋವಿಯತ್ ತಂಡದಲ್ಲಿ ಟ್ಕಾಚೆಂಕೊ ಇದ್ದ, ಸುಮಾರು 2.20 ಮೀಟರ್. ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟಿದ್ದರೆ ಸಾಕಿತ್ತು, ಅಲ್ವಾ?

ಇನ್ನು ಭಾಷೆ. 'ಅವನಿಂದ 40 ಅಂಕಗಳು ಗಳಿಸಲ್ಪಟ್ಟವು' ಎಂದು ಬರೆದಿದ್ದೀರಿ. ಮನೆಯಲ್ಲಿ ಯಾರಾದರೂ 'ನನ್ನಿಂದ ಅನ್ನ ಉಣ್ಣಲ್ಪಟ್ಟಿತು' ಅಂತಾರಾ? ಲ್ಪಟ್ಟ, ಲ್ಪಟ್ಟಿತು, ಲ್ಪಟ್ಟವು, ಒಟ್ಟು ಇಪ್ಪತ್ತಮೂರು ಸಲ. ಲೆಕ್ಕ ಹಾಕಿದ್ದೇನೆ. ಇಂಗ್ಲಿಷಲ್ಲಿ ಓದಿ ನೇರ ಕನ್ನಡಕ್ಕೆ ಇಳಿಸುವಾಗ ಈ ಕಸ ಹಿಂದೆಯೇ ಬರುತ್ತೆ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಬಾಯಲ್ಲಿ ಒಮ್ಮೆ ಹೇಳಿ, ಆಮೇಲೆ ಬರೆಯಿರಿ. 'ಆತನ ರಕ್ತದಲ್ಲೇ ಬಾಸ್ಕೆಟ್‌ಬಾಲ್ ಹರಿಯುತ್ತಿತ್ತು' ಅನ್ನೋದನ್ನು ನಾನೇ ಹೊಡೆದು ಹಾಕಿದ್ದೇನೆ. ಹರಿದೇ ಇರಲಿಲ್ಲ ಅನ್ನುವುದಕ್ಕೆ ನಿಮ್ಮ ಲೇಖನದಲ್ಲೇ ಸಾಕ್ಷಿ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಇನ್ನೊಂದು ಸಣ್ಣದು. ಮೊದಲ ಪುಟದಲ್ಲಿ ಗಾಲಿಸ್ 'ಅವರು', ಮೂರರಲ್ಲಿ 'ಆತ', ಐದರಲ್ಲಿ 'ಅವನು', ಕೊನೆಯಲ್ಲಿ ಮತ್ತೆ 'ಅವರು'. ಯಾವುದಾದರೂ ಒಂದನ್ನು ಹಿಡಿಯಿರಿ. ನನ್ನ ಓಟು 'ಅವನು'ಗೆ. ಚೆಂಡು ಹಿಡಿದು ನುಗ್ಗುವವನನ್ನು 'ಅವರು ನುಗ್ಗಿದರು' ಅಂದರೆ ಓಟವೇ ನಿಧಾನವಾಗುತ್ತದೆ. ಅವರವರ ರುಚಿ ಬಿಡಿ.

ಈಗ ಒಳಗಿರುವ ಕತೆಗೆ ಬರೋಣ.

ಎರಡನೇ ಪುಟದಲ್ಲಿ ಹೀಗಿದೆ: 'ಬಾಲ್ಯದಲ್ಲಿ ಬಾಕ್ಸಿಂಗ್ ಅಭ್ಯಾಸ ಮಾಡುತ್ತಿದ್ದ ಗಾಲಿಸ್ ನಂತರ ಬಾಸ್ಕೆಟ್‌ಬಾಲ್‌ನತ್ತ ಹೊರಳಿದರು.' ಅಷ್ಟೇ, ಮುಂದಿನ ವಾಕ್ಯಕ್ಕೆ ಕಾಲೇಜಿನಲ್ಲಿದ್ದಾನೆ. ಸ್ವಲ್ಪ ನಿಲ್ಲಿ ಸ್ವಾಮಿ! 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಯೂನಿಯನ್ ಸಿಟಿಯಲ್ಲಿ, ಗ್ರೀಸಿನಿಂದ ವಲಸೆ ಬಂದ ಬಡ ಮನೆಯಲ್ಲಿ ಹುಟ್ಟಿದ ಹುಡುಗ. ಅಪ್ಪ ಪ್ರಾಯದಲ್ಲಿ ಬಾಕ್ಸರ್ ಆಗಿದ್ದವನು. ಮಗನೂ ಗ್ಲೌಸ್ ಹಾಕಿದ. ಮುಖ ಊದಿಸಿಕೊಂಡು ಮನೆಗೆ ಬಂದಾಗಲೆಲ್ಲ ಅಮ್ಮನಿಗೆ ಎದೆ ಝಲ್ ಅನ್ನುತ್ತಿತ್ತು. ಕೊನೆಗೆ ಅವಳೇ ಬಾಕ್ಸಿಂಗ್ ಬಿಡಿಸಿ ಬಾಸ್ಕೆಟ್‌ಬಾಲ್ ಹಿಡಿಸಿದಳು. ಗ್ರೀಸ್ ದೇಶದ ಒಂದು ಆಟದ ಹಣೆಬರಹ ಬದಲಾಗಿದ್ದು ಒಬ್ಬ ತಾಯಿಯ ಗಾಬರಿಯಿಂದ. ಇದಕ್ಕೆ ಅರ್ಧ ಪುಟವಾದರೂ ಕೊಡಿ. ಆಮೇಲೆ ಅವನು ಡಿಫೆಂಡರ್‌ಗಳಿಗೆ ಮೈ ಕೊಟ್ಟು ನುಗ್ಗುವುದನ್ನು ಬರೆಯುವಾಗ ಆ ಬಾಕ್ಸಿಂಗ್ ಓದುಗನ ತಲೆಯಲ್ಲಿ ಇರಲಿ. ನೀವು ಅದನ್ನು ಎತ್ತಿ ಹೇಳಬೇಕಾಗಿಲ್ಲ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ, ಅದರ ತಂಡ ಬಾಸ್ಟನ್ ಸೆಲ್ಟಿಕ್ಸ್, ಈ ವಿಷಯಕ್ಕೆ ಮಾತ್ರ ನೀವು ಎರಡು ಪುಟ ಅತ್ತಿದ್ದೀರಿ. ಸೀಟನ್ ಹಾಲ್ ವಿಶ್ವವಿದ್ಯಾಲಯದ ಕೊನೆ ವರ್ಷ ಪಂದ್ಯಕ್ಕೆ 27.5 ಅಂಕ. ಇಡೀ ಅಮೆರಿಕದ ಕಾಲೇಜು ಆಟಗಾರರಲ್ಲಿ ಮೂರನೆಯವನು, ಎರಡನೆಯವನು ಮುಂದೆ ಎನ್‌ಬಿಎಯ ದೊಡ್ಡ ಹೆಸರಾದ ಲ್ಯಾರಿ ಬರ್ಡ್. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 1979ರ ಡ್ರಾಫ್ಟ್‌ನಲ್ಲಿ ಸೆಲ್ಟಿಕ್ಸ್ ಅವನನ್ನು ನಾಲ್ಕನೇ ಸುತ್ತಿನಲ್ಲಿ, 68ನೆಯವನಾಗಿ ಆರಿಸಿತು. ಕ್ಯಾಂಪಿನಲ್ಲಿ ಪಾದದ ಗೆಣ್ಣಿಗೆ ಪೆಟ್ಟಾಯಿತು, ತಂಡದಲ್ಲಿ ಜಾಗ ಸಿಗಲಿಲ್ಲ. ಅವನು ಗ್ರೀಸಿನ ಥೆಸಲೊನೀಕಿಗೆ ಹೋಗಿ ಆರಿಸ್ ಕ್ಲಬ್ ಸೇರಿದ. ನೀವು ಇಲ್ಲಿ 'ದುರದೃಷ್ಟವಶಾತ್' ಅಂತ ಶುರು ಮಾಡಿ, ಎನ್‌ಬಿಎ ಆಡಿದ್ದರೆ ಏನೇನು ಆಗುತ್ತಿತ್ತು ಅಂತ ಊಹೆಯ ಮೇಲೆ ಊಹೆ ಪೇರಿಸಿದ್ದೀರಿ. ಯಾರ ದುರದೃಷ್ಟ? ಥೆಸಲೊನೀಕಿಯವರನ್ನು ಕೇಳಿ ನೋಡಿ. 1989ರವರೆಗೆ ಎನ್‌ಬಿಎ ಆಡುವವರಿಗೆ ಅವರ ದೇಶದ ತಂಡದಲ್ಲಿ ಆಡಲು ಅವಕಾಶವೇ ಇರಲಿಲ್ಲ, ಅಂತಾರಾಷ್ಟ್ರೀಯ ಒಕ್ಕೂಟದ ನಿಯಮ ಹಾಗಿತ್ತು. ಬಾಸ್ಟನ್‌ನಲ್ಲಿ ನೆಲೆಯೂರಿದ್ದರೆ 1987ರಲ್ಲಿ ಅವನು ಗ್ರೀಸಿಗೆ ಆಡುತ್ತಲೇ ಇರಲಿಲ್ಲ. ಈ ನಿಯಮ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇದೊಂದು ಗೊತ್ತಾದರೆ ಆ ಎರಡು ಪುಟದ ಅಳು ತಾನಾಗಿ ನಿಲ್ಲುತ್ತದೆ. ಎನ್‌ಬಿಎ ಆಡದವನು ಅರ್ಧ ಆಟಗಾರ ಅನ್ನೋದು ನಾವು ಇಲ್ಲಿ ಕೂತು ಟೀವಿ ನೋಡಿ ಕಲಿತ ಅಳತೆ. ಅವನ ಜೀವನ ನಡೆದದ್ದು ಬೇರೆ ಕಡೆ. ಅಲ್ಲಿಗೆ ಹೋಗಿ ನಿಂತು ಬರೆಯಿರಿ.

ಅಲ್ಲಿ ಏನಿತ್ತು ಅಂತೀರಾ? ಗುರುವಾರ ರಾತ್ರಿಗಳಿದ್ದವು. ಆರಿಸ್‌ನ ಯುರೋಪ್ ಪಂದ್ಯಗಳು ಟೀವಿಯಲ್ಲಿ ಬರುವ ಹೊತ್ತಿಗೆ ಗ್ರೀಸಿನ ಬೀದಿಗಳು ಖಾಲಿ. ಬೇರೆ ಕ್ಲಬ್ಬಿನ ಅಭಿಮಾನಿಗಳೂ ಆ ರಾತ್ರಿ ಆರಿಸ್ ಕಡೆ. ಒಂದು ಊರಿನ ಕ್ಲಬ್ಬು ದೇಶದ್ದೇ ತಂಡದ ಹಾಗೆ ಆಗಿಬಿಟ್ಟಿತ್ತು. ನೀವು ಇದಕ್ಕೆ ಒಂದು ಸಾಲೂ ಕೊಟ್ಟಿಲ್ಲ.

ಸೋಲುಗಳನ್ನಂತೂ ಪೂರ್ತಿ ನುಂಗಿದ್ದೀರಿ. ಯಾಕೆ? ನಾಯಕನಿಗೆ ಕಳಂಕ ಅಂತ ಹೆದರಿಕೆಯೇ? 1986ರಲ್ಲಿ ಯುರೋಪಿನ ಕ್ಲಬ್ಬುಗಳು ಆಡುವ ಯುರೋಪಿಯನ್ ಕಪ್‌ನಲ್ಲಿ ಇಟಲಿಯ ಮಿಲಾನ್ ತಂಡ ಥೆಸಲೊನೀಕಿಗೆ ಬಂತು. ಆರಿಸ್ 98, ಮಿಲಾನ್ 67. ಎರಡು ಪಂದ್ಯದ ಅಂಕ ಕೂಡಿಸಿ ಗೆದ್ದವರು ಮುಂದಿನ ಸುತ್ತಿಗೆ. 31 ಅಂಕದ ಮುನ್ನಡೆ ಅಂದರೆ ಕೈಗೆ ಬಂದ ಹಾಗೇ ಲೆಕ್ಕ. ಆಮೇಲೆ ಮಿಲಾನ್‌ನಲ್ಲಿ ಏನಾಯಿತು? ಮಿಲಾನ್ 83, ಆರಿಸ್ 49. ಮೂವತ್ತನಾಲ್ಕು. ಮೂರೇ ಮೂರು ಅಂಕದಲ್ಲಿ ಆರಿಸ್ ಹೊರಗೆ. ಆ ರಾತ್ರಿ ಟೀವಿ ಆರಿಸಿ ಮಲಗಲು ಹೋದ ಗ್ರೀಕರನ್ನು ಸುಮ್ನೆ ಒಂದು ಕ್ಷಣ ನೆನೆಸಿಕೊಳ್ಳಿ. ಆಮೇಲೆ 1988ರಲ್ಲಿ ಗೆಂಟ್, 1989ರಲ್ಲಿ ಮ್ಯೂನಿಕ್, 1990ರಲ್ಲಿ ಸರಗೋಸ. ಮೂರು ವರ್ಷ ಸತತವಾಗಿ ಯುರೋಪಿನ ಕೊನೆಯ ನಾಲ್ಕು ತಂಡಗಳಲ್ಲಿ ಆರಿಸ್ ಇತ್ತು, ಮೂರು ಸಲವೂ ಸೆಮಿಫೈನಲ್‌ನಲ್ಲೇ ಸೋತಿತು. ಗಾಲಿಸ್ ಆ ಕಪ್ ಎತ್ತಲೇ ಇಲ್ಲ. 'ಯುರೋಪಿನ ಚಕ್ರವರ್ತಿ' ಅಂತ ನೀವು ಕೊಟ್ಟ ಬಿರುದಿನ ಪಕ್ಕ ಇದನ್ನು ಇಟ್ಟು ನೋಡಿ. ಬಿರುದು ತೆಗೆಯಬೇಕು ಅನ್ನಿಸುತ್ತದೆ, ಮನುಷ್ಯ ಹತ್ತಿರ ಬರುತ್ತಾನೆ.

1987ರ ಯುರೋಬಾಸ್ಕೆಟ್ ಫೈನಲ್ ನಿಮ್ಮ ಲೇಖನದ ಒಳ್ಳೆ ಭಾಗ. ಜೂನ್ 14, ಅಥೆನ್ಸ್ ಪಕ್ಕದ ಪಿರೇಯಸ್‌ನ ಶಾಂತಿ ಮತ್ತು ಸ್ನೇಹ ಕ್ರೀಡಾಂಗಣ, ಎದುರಿಗೆ ಸೋವಿಯತ್ ಒಕ್ಕೂಟ. ಜನ ಕಿಕ್ಕಿರಿದಿದ್ದು, ಪಂದ್ಯ ಹೆಚ್ಚುವರಿ ಅವಧಿಗೆ ಹೋದದ್ದು, ಎಲ್ಲ ಚೆನ್ನಾಗಿ ತಂದಿದ್ದೀರಿ. ಆದರೆ ಕೊನೆಗೆ ಎಡವಿದ್ದೀರಿ. 'ಗಾಲಿಸ್‌ನ 40 ಅಂಕಗಳಿಂದ ಗ್ರೀಸ್ 103-101ರಿಂದ ಜಯಗಳಿಸಿತು' ಎಂದು ಮುಗಿಸಿದ್ದೀರಿ. ಆ ಕೊನೆಯ ಎರಡು ಅಂಕ ಗಾಲಿಸ್‌ನದಲ್ಲ! 101-101 ಇದ್ದಾಗ, ನಾಲ್ಕು ಸೆಕೆಂಡ್ ಉಳಿದಿದ್ದಾಗ, ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಶಾಟ್ ಹೊಡೆಯುವ ಗೆರೆಗೆ ಹೋದವನು ಆರ್ಗಿರಿಸ್ ಕಂಬೂರಿಸ್. ತಂಡದ ಸ್ಟಾರ್ ಅಲ್ಲ, ಮೈಮುರಿದು ದುಡಿಯುವ ಆಳು. ನಲವತ್ತು ಅಂಕ ಹಾಕಿದವನು ಆಗ ಏನೂ ಮಾಡುವ ಹಾಗಿಲ್ಲ, ನಿಂತು ನೋಡಬೇಕು ಅಷ್ಟೇ. ಮೊದಲನೆಯದು ಒಳಗೆ. ಎರಡನೆಯದೂ ಒಳಗೆ. ಸೋವಿಯತ್ ತಂಡದ ಕೊನೆ ಶಾಟ್ ಹೊರಗೆ. ಆ ನಾಲ್ಕು ಸೆಕೆಂಡಿನ ವಿಡಿಯೋ ಹಾಕಿ, ಚೆಂಡನ್ನು ಬಿಟ್ಟು ಗಾಲಿಸ್ ಒಬ್ಬನನ್ನೇ ನೋಡಿ. ಕಂಡದ್ದನ್ನು ಬರೆಯಿರಿ. ನಿಮ್ಮ ಹನ್ನೊಂದು ಪುಟಕ್ಕಿಂತ ಆ ಹತ್ತು ಸಾಲು ಜಾಸ್ತಿ ತೂಗುತ್ತದೆ.

ಈಗ ನಾನು ಈ ಪತ್ರ ಬರೆಯುವುದಕ್ಕೆ ನಿಜವಾದ ಕಾರಣ.

ಏಳನೇ ಪುಟದಲ್ಲಿ, 1987ರ ತಂಡದ ಪಟ್ಟಿಯ ಕೊನೆಯಲ್ಲಿ, 'ತರಬೇತುದಾರ: ಕೋಸ್ಟಾಸ್ ಪೊಲಿಟಿಸ್' ಎಂದು ಬರೆದಿದ್ದೀರಿ. ಹತ್ತನೇ ಪುಟದಲ್ಲಿ ಗಾಲಿಸ್ ಆಟ ಬಿಟ್ಟ ಸಂಗತಿ ಇದೆ. 1992ರಲ್ಲಿ ಆರಿಸ್ ಬಿಟ್ಟು ಅಥೆನ್ಸಿನ ಪನಾಥಿನಾಯ್ಕೋಸ್ ಸೇರಿದ್ದ. 1994ರ ಏಪ್ರಿಲ್‌ನಲ್ಲಿ ಟೆಲ್ ಅವೀವ್‌ನಲ್ಲಿ ಮತ್ತೆ ಯುರೋಪಿನ ಕೊನೆಯ ನಾಲ್ಕರಲ್ಲಿ ಆಡಿದ, ಮತ್ತೆ ಸೆಮಿಫೈನಲ್‌ನಲ್ಲೇ ಸೋತ. ಈ ಸಲ ಸೋಲಿಸಿದ್ದು ಗ್ರೀಸಿನದೇ ಒಲಿಂಪಿಯಾಕೋಸ್. ಅಕ್ಟೋಬರ್ 18ರಂದು ಅಂಬೆಲೊಕಿಪಿ ಎಂಬ ತಂಡದ ವಿರುದ್ಧ ಲೀಗ್ ಪಂದ್ಯ. ಶುರುವಿನ ಐವರಲ್ಲಿ ಗಾಲಿಸ್ ಇರಲಿಲ್ಲ. ಅವನಿಗೆ ಆಗ 37. ಬೆಂಚಲ್ಲಿ ಕೂರಲಿಲ್ಲ, ಎದ್ದು ಹೊರಟುಹೋದ. ಅಲ್ಲಿಗೆ ಆಟ ಮುಗಿಯಿತು. ನೀವು ಇದನ್ನು 'ಕೋಚ್ ನಿರ್ಧಾರದಿಂದ ಬೇಸತ್ತು' ಎಂದು ಮೂರು ಪದದಲ್ಲಿ ದಾಟಿದ್ದೀರಿ.

ಆ ಕೋಚ್ ಯಾರು?

ಕೋಸ್ಟಾಸ್ ಪೊಲಿಟಿಸ್. ಅದೇ ಮನುಷ್ಯ. ಪಿರೇಯಸ್‌ನ ಆ ರಾತ್ರಿ ಗಾಲಿಸ್ ಮೇಲೆ ಭಾರ ಹಾಕಿ ಬೆಂಚಿನ ಹತ್ತಿರ ನಿಂತಿದ್ದವನೇ, ಏಳು ವರ್ಷದ ಮೇಲೆ ಐವರ ಪಟ್ಟಿಯಿಂದ ಅವನ ಹೆಸರು ಬಿಟ್ಟ. ಹೆಸರು ನಿಮ್ಮದೇ ಏಳನೇ ಪುಟದಲ್ಲಿದೆ, ಘಟನೆ ನಿಮ್ಮದೇ ಹತ್ತನೇ ಪುಟದಲ್ಲಿದೆ. ನಡುವೆ ಮೂರು ಪುಟ ಅಂಕಿಅಂಶ ಸುರಿದು ಎರಡನ್ನೂ ಬೇರೆ ಮಾಡಿದ್ದೀರಿ. ಇದನ್ನು ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ, ನಿಜವಾಗಲೂ.

ಪೊಲಿಟಿಸ್‌ನನ್ನು ಖಳನಾಯಕ ಮಾಡಬೇಡಿ. 37 ವರ್ಷದ ಆಟಗಾರನನ್ನು ಒಂದು ಪಂದ್ಯದಲ್ಲಿ ಮೊದಲ ಐವರಿಂದ ಹೊರಗಿಡುವುದು ಕೋಚ್ ಮಾಡುವ ಕೆಲಸವೇ. ಗಾಲಿಸ್‌ನನ್ನು ಹುತಾತ್ಮನನ್ನಾಗಿಯೂ ಮಾಡಬೇಡಿ, ಕೂತು ಕಾಯುವುದು ಅವನ ಜಾಯಮಾನದಲ್ಲಿ ಇರಲಿಲ್ಲ ಅಷ್ಟೇ. ಇಬ್ಬರೂ ಸರಿ ಇರುವ ಜಗಳ ಬರೆಯುವುದು ಕಷ್ಟ. ನಾನೂ ಒಂದು ಕಾಲದಲ್ಲಿ ಒಬ್ಬ ಪೈಲ್ವಾನರ ಬಗ್ಗೆ ಇಂಥದ್ದೇ ಬರೆದು, ಎದುರಾಳಿಯನ್ನು ರಾಕ್ಷಸ ಮಾಡಿ, ಹಿರಿಯ ಸಂಪಾದಕರೊಬ್ಬರಿಂದ ಚೆನ್ನಾಗಿ ಉಗಿಸಿಕೊಂಡಿದ್ದೇನೆ. ಆ ಪೈಲ್ವಾನರೇ ಅದನ್ನು ಓದಿ ನಕ್ಕಿದ್ದರಂತೆ.

ಹಾಗಂತ 1994ರಿಂದ ಶುರು ಮಾಡಿ ಹಿಂದಕ್ಕೆ ಹೋಗುವ ಸಿನಿಮಾ ತಂತ್ರ ಬೇಡ. ನೇರವಾಗಿಯೇ ಹೇಳಿ. ಪೊಲಿಟಿಸ್ 1987ರಲ್ಲಿ ಒಮ್ಮೆ ಎದ್ದು ಕಾಣುವ ಹಾಗೆ ಬರಲಿ, ಓದುಗನಿಗೆ ಮುಖ ನೆನಪಿರಲಿ. ಆಮೇಲೆ ಬಿಟ್ಟುಬಿಡಿ. ಹತ್ತನೇ ಪುಟದಲ್ಲಿ ಹೆಸರು ಮತ್ತೆ ಬಂದಾಗ ಓದುಗನೇ 'ಅಯ್ಯೋ' ಅನ್ನುತ್ತಾನೆ.

ಹನ್ನೊಂದನೇ ಪುಟ ಪೂರ್ತಿ ತೆಗೆಯಿರಿ. 'ನಮ್ಮ ಯುವಕರು ಇವರಿಂದ ಕಲಿಯಬೇಕಾದ್ದು ಬಹಳಷ್ಟಿದೆ' ಅನ್ನೋ ಪ್ಯಾರಾ ಓದಿ ಯಾವ ಯುವಕನೂ ಕೋರ್ಟಿಗೆ ಹೋಗುವುದಿಲ್ಲ. ಬಾಸ್ಕೆಟ್‌ಬಾಲ್ ದಿಗ್ಗಜರಿಗೆ ಸಲ್ಲುವ ನೇಸ್ಮಿತ್ ಹಾಲ್ ಆಫ್ ಫೇಮ್ ಗೌರವ 2017ರಲ್ಲಿ ಸಿಕ್ಕಿದ್ದು ಒಂದು ವಾಕ್ಯದಲ್ಲಿ ಬರಲಿ. ಉಳಿಸಿಕೊಳ್ಳಬೇಕಾದ್ದು 2004ರ ಆಗಸ್ಟ್ 13. ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯ ರಾತ್ರಿ ಕ್ರೀಡಾಂಗಣದೊಳಗೆ ಜ್ಯೋತಿ ಹಿಡಿದು ಓಡಿದವರಲ್ಲಿ ಮೊದಲನೆಯವನು ಗಾಲಿಸ್. ಹತ್ತು ವರ್ಷದ ಹಿಂದೆ ಮಾತಿಲ್ಲದೆ ಹೊರಟುಹೋದವನು, ಇಡೀ ದೇಶದ ಎದುರು ಮತ್ತೆ ಓಡುತ್ತಾ ಒಳಗೆ ಬಂದ. ಅದನ್ನು ನೀವು ಬ್ರಾಕೆಟ್ಟಿನೊಳಗೆ ಹಾಕಿದ್ದೀರಿ!

ಹೆಸರುಗಳನ್ನೂ ನೋಡಿಕೊಳ್ಳಿ. ಗಾಲಿಸ್‌ನ ಜೊತೆ ಆಟಗಾರನನ್ನು ಇಂಗ್ಲಿಷ್ ಅಕ್ಷರ ನೋಡಿ 'ಜಿಯಾನಾಕಿಸ್' ಅಂತ ಬರೆದಿದ್ದೀರಿ, ಗ್ರೀಕರು ಹೇಳುವುದು ಯಾನಾಕಿಸ್. ಕಂಬೂರಿಸ್ ನಿಮ್ಮಲ್ಲಿ ಮೂರು ಕಡೆ ಮೂರು ತರ ಇದ್ದಾನೆ.

ಆರು ಪುಟ ಸಾಕು, ಏಳು ದಾಟಬೇಡಿ. ಅವಸರ ಇಲ್ಲ. ಫೈನಲ್ ಪಂದ್ಯದ ಪೂರ್ತಿ ವಿಡಿಯೋ ನೋಡದೆ ಮಾತ್ರ ಕಳಿಸಬೇಡಿ, ನೋಡಿದ್ದೀರೋ ಇಲ್ಲವೋ ಅಂತ ಆ ಫ್ರೀ ಥ್ರೋ ಪ್ಯಾರಾದಲ್ಲೇ ನನಗೆ ಗೊತ್ತಾಗುತ್ತೆ.